ಡ್ರಮ್ಮರ್ ಮಾಡಿದ ಆಲ್ಬಮ್‌ನಲ್ಲಿ ಡ್ರಮ್ಸ್ ಎಷ್ಟಿರಬೇಕು? ಕೋಜಿ ಪವೆಲ್ ಅವರ ‘ಓವರ್ ದ ಟಾಪ್’ (1979)

ಜೋಡಿ ಬೇಸ್‌ಡ್ರಮ್, ಮೈಸೂರು · ಶನಿವಾರ ರಾತ್ರಿ 9:50

ಎರಡು ವಾರದಿಂದ ಕೋಜಿ ಪವೆಲ್ ಅವರ ‘ಓವರ್ ದ ಟಾಪ್’ ಒಂದನ್ನೇ ಕೇಳುತ್ತಿದ್ದೇನೆ. ಒಂದು ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದೆ. ಹೆವಿ ಮೆಟಲ್ ಡ್ರಮ್ಮರ್ ಒಬ್ಬರು ಮೊದಲ ಸಲ ಸ್ವಂತ ಹೆಸರಲ್ಲಿ ಆಲ್ಬಮ್ ತಂದರೆ ಅದರಲ್ಲಿ ಡ್ರಮ್ಸ್ ಎಷ್ಟು ಇರಬೇಕು?

ಕೋಜಿ ಯಾರು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ರೈನ್‌ಬೋ ಬ್ಯಾಂಡಿನ ‘ಸ್ಟಾರ್‌ಗೇಜರ್’ ಶುರುವಾಗುವಾಗ ಗಿಟಾರಿಗಿಂತ ಮುಂಚೆ ಡ್ರಮ್ಸ್ ಒಂದೇ ಉರುಳಿಕೊಂಡು ಬರುತ್ತಲ್ಲ, ಅದು ಅವರ ಕೈ. ಹುಟ್ಟಿದ್ದು 1947ರಲ್ಲಿ, ಇಂಗ್ಲೆಂಡಿನ ಸೈರನ್‌ಸೆಸ್ಟರ್ ಊರಲ್ಲಿ. ಮನೆಯಲ್ಲಿ ಇಟ್ಟ ಹೆಸರು ಕಾಲಿನ್ ಫ್ಲೂಕ್ಸ್. ಜಾಜ್ ಡ್ರಮ್ಮರ್ ಕೋಜಿ ಕೋಲ್ ಅವರಿಂದ ‘ಕೋಜಿ’ ಅನ್ನೋ ಹೆಸರು ಬಂತು. ಮುಂದೆ ವೈಟ್‌ಸ್ನೇಕ್, ಬ್ಲ್ಯಾಕ್ ಸಬ್ಬತ್ ಎರಡರಲ್ಲೂ ಬಾರಿಸಿದರು.

ಈ ಆಲ್ಬಮ್ ಬಂದಾಗ ಅವರು ಇನ್ನೂ ರೈನ್‌ಬೋದಲ್ಲೇ ಇದ್ದರು. ಏಳು ಟ್ರ್ಯಾಕ್. ಒಂದರಲ್ಲೂ ಹಾಡುಗಾರಿಕೆ ಇಲ್ಲ, ಎಲ್ಲ ವಾದ್ಯವೇ. ಬೇಸ್ ಗಿಟಾರ್‌ನಲ್ಲಿ ‘ಕ್ರೀಮ್’ ಬ್ಯಾಂಡಿನ ಜ್ಯಾಕ್ ಬ್ರೂಸ್. ಕೀಬೋರ್ಡ್‌ನಲ್ಲಿ ಡಾನ್ ಏರಿ, ಜೊತೆಗೆ ಮ್ಯಾಕ್ಸ್ ಮಿಡಲ್ಟನ್. ಗಿಟಾರ್‌ಗೆ ಕ್ಲೆಮ್ ಕ್ಲೆಂಪ್ಸನ್, ಬರ್ನಿ ಮಾರ್ಸ್‌ಡೆನ್, ಮತ್ತೆ ‘ಕಿಲ್ಲರ್’ ಅನ್ನೋ ಟ್ರ್ಯಾಕ್‌ಗೆ ಗ್ಯಾರಿ ಮೂರ್. ನಿರ್ಮಾಣ ಮಾರ್ಟಿನ್ ಬರ್ಚ್. ಬ್ರಿಟನ್ನಿನ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ 34ನೇ ಸ್ಥಾನದವರೆಗೆ ಹೋಯಿತು.

ಇಷ್ಟು ದೊಡ್ಡ ಡ್ರಮ್ಮರ್. ಕಾಲಿನಿಂದ ಬಾರಿಸೋ ದೊಡ್ಡ ಡ್ರಮ್ (ಬೇಸ್‌ಡ್ರಮ್) ಎರಡು, ಒಂದೊಂದೂ 26 ಇಂಚು. ಆದರೂ ಆರು ಟ್ರ್ಯಾಕ್ ಪೂರ್ತಿ ಉಳಿದವರಿಗೆ ಜಾಗ ಬಿಟ್ಟು ಕೂತಿದ್ದಾರೆ. ಸೋಲೋ ಅಂತ ಮುಂದೆ ಬರೋದು ಕೊನೆಯ ಟ್ರ್ಯಾಕ್‌ನಲ್ಲಿ ಮಾತ್ರ. ಮನೆಯಲ್ಲಿ ಶುಭಕಾರ್ಯ ಇಟ್ಟುಕೊಂಡವರು ಬಂದವರಿಗೆಲ್ಲ ತಾವೇ ಬಡಿಸಿ, ಕೊನೆ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರಲ್ಲ, ಹಾಗೆ ಅನ್ನಿಸಿತು ನನಗೆ. ನನ್ನ ಪ್ರಕಾರ ಈ ಆಲ್ಬಮ್‌ನ ದೊಡ್ಡತನ ಅಲ್ಲೇ ಇದೆ. ನೀವೇನು ಹೇಳುತ್ತೀರಿ?

ಹೊಸ ಕಿವಿ · ಶನಿವಾರ ರಾತ್ರಿ 10:15

ನಿಮ್ಮ ಪೋಸ್ಟ್ ಓದಿ ಈಗಷ್ಟೇ ಹಾಕಿದೆ. ತಪ್ಪು ತಿಳೀಬೇಡಿ, ಇದರಲ್ಲಿ ಮೆಟಲ್ ಎಲ್ಲಿದೆ? ನಾನು ಕೇಳಿ ಬೆಳೆದದ್ದು ಎರಡೂ ಕಾಲಲ್ಲಿ ಬೇಸ್‌ಡ್ರಮ್ (ಡಬಲ್ ಪೆಡಲ್) ಓಡಿಸೋ ಬ್ಯಾಂಡ್‌ಗಳನ್ನು. ಮೊದಲನೇ ಟ್ರ್ಯಾಕ್ ‘ಥೀಮ್ ಒನ್’ ಕೇಳಿದರೆ ಯಾವುದೋ ರೇಡಿಯೋ ಕಾರ್ಯಕ್ರಮ ಶುರುವಾದ ಹಾಗಿದೆ.

ಹಳೇ ಕ್ಯಾಸೆಟ್, ಬೆಂಗಳೂರು · ಶನಿವಾರ ರಾತ್ರಿ 10:40

ನಿನ್ನ ಕಿವಿ ಸರಿಯಾಗೇ ಹೇಳಿದೆ ಮಗು. ಅದು ರೇಡಿಯೋ ಸಂಗೀತವೇ! 1967ರಲ್ಲಿ ಬಿಬಿಸಿ ರೇಡಿಯೋ 1 ಶುರುವಾದಾಗ ಅದಕ್ಕೆ ಅಂತಲೇ ಜಾರ್ಜ್ ಮಾರ್ಟಿನ್ ಮಾಡಿಕೊಟ್ಟ ರಾಗ. ಬೀಟಲ್ಸ್‌ನ ನಿರ್ಮಾಪಕರು, ಅವರೇ. ನಮ್ಮಲ್ಲಿ ಆಕಾಶವಾಣಿಯ ಆ ಬೆಳಗಿನ ರಾಗ ಕೇಳಿದ ತಕ್ಷಣ ಎಲ್ಲರಿಗೂ ಗೊತ್ತಾಗುತ್ತಲ್ಲ, ಅಲ್ಲಿಯ ಆ ಕಾಲದ ಹುಡುಗರಿಗೆ ಇದು ಹಾಗೆ. 1972ರಲ್ಲಿ ವ್ಯಾನ್ ಡರ್ ಗ್ರಾಫ್ ಜನರೇಟರ್ ಬ್ಯಾಂಡ್ ಇದನ್ನು ನುಡಿಸಿತ್ತು. ಕೋಜಿ ಅದನ್ನು ತಂದು ಮೊದಲ ಟ್ರ್ಯಾಕ್ ಮಾಡಿದರು. ಎಲ್ಲರ ಮನೆಯಲ್ಲೂ ಕೇಳಿದ ರಾಗ, ಅದಕ್ಕೆ ಹಿಂದಿನಿಂದ ಒಂದು ದೊಡ್ಡ ಬ್ಯಾಂಡಿನ ತೂಕ.

ಇನ್ನೊಂದು ವಿಷಯ. ಕೋಜಿಗೆ ಸ್ವಂತ ಹೆಸರಲ್ಲಿ ಹಾಡು ತಂದು ಗೆಲ್ಲೋದು ಹೊಸದಲ್ಲ. 1973ರ ಕೊನೆಯಲ್ಲಿ ‘ಡಾನ್ಸ್ ವಿತ್ ದ ಡೆವಿಲ್’ ಅನ್ನೋ ಸಿಂಗಲ್ ತಂದರು. ಪೂರ್ತಿ ಡ್ರಮ್ಸ್ ಮೇಲೆ ನಿಂತ ಟ್ರ್ಯಾಕ್. ಅದರಲ್ಲಿ ಬೇಸ್ ಸೂಜಿ ಕ್ವಾಟ್ರೋ. ಬ್ರಿಟನ್ನಿನಲ್ಲಿ 3ನೇ ಸ್ಥಾನಕ್ಕೆ ಹೋಯಿತು! ಡ್ರಮ್ಸ್ ಸಿಂಗಲ್ ಒಂದು ಅಷ್ಟು ಮೇಲೆ ಹೋಗೋದು ಅಂದರೆ ಸುಮ್ನೆ ಮಾತಲ್ಲ. ಅಂಥ ಮನುಷ್ಯ 1979ರಲ್ಲಿ ಆಲ್ಬಮ್ ಮಾಡುವಾಗ ಅದನ್ನೇ ಏಳು ಸಲ ಮಾಡಬಹುದಿತ್ತು. ಮಾಡಲಿಲ್ಲ. ಜೋಡಿ ಬೇಸ್‌ಡ್ರಮ್ ಹೇಳಿದ ಮಾತಿಗೆ ನನ್ನ ಒಪ್ಪಿಗೆ ಇರೋದು ಇದೇ ಕಾರಣಕ್ಕೆ.

ರೈಸಿಂಗ್ 76, ಹುಬ್ಬಳ್ಳಿ · ಶನಿವಾರ ರಾತ್ರಿ 11:05

ನನಗೆ ಒಪ್ಪಿಗೆ ಇಲ್ಲ. ಕೋಜಿ ನನ್ನ ದೇವರು, ಅದಕ್ಕೇ ಹೇಳುತ್ತಿದ್ದೇನೆ. ರೈನ್‌ಬೋದ 1976ರ ಆಲ್ಬಮ್ ‘ರೈಸಿಂಗ್’ ಹಾಕಿ. ‘ಎ ಲೈಟ್ ಇನ್ ದ ಬ್ಲ್ಯಾಕ್’ ಎಂಟು ನಿಮಿಷ ಒಂದೇ ಉಸಿರಲ್ಲಿ ಓಡುತ್ತೆ. ಗಿಟಾರ್‌ನಲ್ಲಿ ಬ್ಲ್ಯಾಕ್‌ಮೋರ್ ಎಷ್ಟು ತಳ್ಳಿದರೂ ಕೋಜಿ ಹಿಂದೆ ಸರಿಯಲ್ಲ. ಅಲ್ಲಿ ಎದುರಾಳಿ ಇದ್ದಾನೆ, ಅದಕ್ಕೆ ಆ ಬೆಂಕಿ. ಇಲ್ಲಿ ಎಲ್ಲರೂ ಗೆಳೆಯರು. ಗೆಳೆಯರ ಮಧ್ಯೆ ಬೆಂಕಿ ಎಲ್ಲಿಂದ ಹೊತ್ತಬೇಕು?

‘ಹೈಡಿ ಗೋಸ್ ಟು ಟೌನ್’ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಜಾಜ್ ರಾಕ್ ಕಡೆ ಜಾಸ್ತಿ ವಾಲಿದೆ. ಆ ಕೈಗೆ ಆ ಕೆಲಸ ಸಾಲದು. ಬಾವಿ ತೋಡೋ ಹಾರೆಯಲ್ಲಿ ತುಳಸಿಕಟ್ಟೆ ಮಣ್ಣು ಕೆದಕಿದ ಹಾಗೆ.

ಬೇಸ್ ತಂತಿ, ಮಂಗಳೂರು · ಭಾನುವಾರ ಬೆಳಿಗ್ಗೆ 7:20

ರೈಸಿಂಗ್ ಅಣ್ಣ, ‘ಕಿಲ್ಲರ್’ ಕೇಳಿಯೂ ಬೆಂಕಿ ಇಲ್ಲ ಅಂತೀರಾ? ಇನ್ನೊಂದು ಸಲ ಕೇಳಿ, ಆದರೆ ಈ ಸಲ ಗಿಟಾರ್ ಬಿಟ್ಟು ಬೇಸ್ ಒಂದನ್ನೇ ಹಿಂಬಾಲಿಸಿ.

ನಾನು ಬೇಸ್ ನುಡಿಸುತ್ತೇನೆ. ಕಳೆದ ವರ್ಷ ಇದನ್ನು ಕಲಿಯಲು ಕೂತಿದ್ದೆ. ಹೆಡ್‌ಫೋನ್ ಹಾಕಿ, ವೇಗ ಅರ್ಧಕ್ಕೆ ಇಳಿಸಿ, ನಾಲ್ಕು ನಾಲ್ಕು ಬಾರ್ ತುಂಡು ಮಾಡಿಕೊಂಡು. ಜ್ಯಾಕ್ ಬ್ರೂಸ್ ಒಂದು ಕಡೆ ಕೂರೋ ಮನುಷ್ಯನೇ ಅಲ್ಲ. ಗಿಟಾರ್ ಏನು ಹೇಳಿತೋ ಅದಕ್ಕೆ ಉತ್ತರ ಕೊಡುತ್ತಾ ಮೇಲೆ ಹೋಗುತ್ತಾರೆ, ಕೆಳಗೆ ಬರುತ್ತಾರೆ. ಕ್ರೀಮ್‌ನಲ್ಲಿ ಡ್ರಮ್ಮರ್ ಜಿಂಜರ್ ಬೇಕರ್ ಕೂಡ ಹಾಗೇ ಓಡಾಡುತ್ತಿದ್ದರು. ಇಬ್ಬರೂ ಓಡುವಾಗ ಚಂದ, ಆದರೆ ಅದು ಜಗಳದ ಚಂದ. ಇಲ್ಲಿ ಕೋಜಿ ಕಾಲು ಊರಿ ನಿಂತಿದ್ದಾರೆ. ಬ್ರೂಸ್ ಎಷ್ಟು ದೂರ ಹೋದರೂ ವಾಪಸ್ ಬಂದಾಗ ಸಮ ಅದೇ ಜಾಗದಲ್ಲಿ ಇರುತ್ತೆ. ನನ್ನ ಬೆರಳು ಎಷ್ಟು ಸಲ ದಾರಿ ತಪ್ಪಿದರೂ ಆ ಬೇಸ್‌ಡ್ರಮ್ ಏಟು (ಕಿಕ್) ಹಿಡಿದುಕೊಂಡು ಮತ್ತೆ ಸೇರಿಕೊಳ್ಳೋಕೆ ಆಯಿತು. ಡ್ರಮ್ಮರ್ ಕೊಡೋ ದೊಡ್ಡ ಉಪಕಾರ ಅದು. ಬೇಸ್ ನುಡಿಸುವವರಿಗೆ ಮಾತ್ರ ಪೂರ್ತಿ ಅರ್ಥ ಆಗುತ್ತೇನೋ.

ಅದೂ ಅಲ್ಲದೆ ಬ್ರೂಸ್ ಮತ್ತು ಗ್ಯಾರಿ ಮೂರ್ ಒಟ್ಟಿಗೆ ಸಿಕ್ಕಿರೋದು ನೋಡಿ. 1994ರಲ್ಲಿ ಇವರಿಬ್ಬರೂ ಜಿಂಜರ್ ಬೇಕರ್ ಜೊತೆ ಸೇರಿ ಬಿಬಿಎಂ ಅಂತ ಬ್ಯಾಂಡ್ ಕಟ್ಟಿದರು. ಅದಕ್ಕೆ 15 ವರ್ಷ ಮುಂಚೆಯೇ ಕೋಜಿ ಇಬ್ಬರನ್ನೂ ಒಂದು ಟ್ರ್ಯಾಕ್‌ನಲ್ಲಿ ಸೇರಿಸಿಬಿಟ್ಟಿದ್ದರು.

ಜೋಡಿ ಬೇಸ್‌ಡ್ರಮ್, ಮೈಸೂರು · ಭಾನುವಾರ ಬೆಳಿಗ್ಗೆ 9:00

ಬೇಸ್ ತಂತಿ ಅಕ್ಕ, ಈ ಕಾಮೆಂಟ್‌ಗೆ ಕೈ ಮುಗಿದೆ. ನಾನು ಯಾವಾಗಲೂ ಸ್ನೇರ್ ಡ್ರಮ್ ಕಡೆಯಿಂದ ಕೇಳುವವನು. ನೀವು ಹೇಳಿದ ಮೇಲೆ ಬೇಸ್ ಹಿಡಿದು ಕೇಳಿದೆ. ಬೇರೆಯೇ ಟ್ರ್ಯಾಕ್ ಕೇಳಿದ ಹಾಗಾಯಿತು.

ರೈಸಿಂಗ್ ಸರ್, ಗೆಳೆಯರ ಮಧ್ಯೆ ಬೆಂಕಿ ಹೊತ್ತಲ್ಲ ಅಂದಿರಿ. ಆ ಗೆಳೆಯರು ಯಾರು ಯಾರು ಅಂತ ಸ್ವಲ್ಪ ನೋಡೋಣ. ಈ ಪಟ್ಟಿ ನಿಜಕ್ಕೂ ಕೋಜಿ ಅವರ ಹತ್ತು ವರ್ಷದ ಜೀವನ. ಮ್ಯಾಕ್ಸ್ ಮಿಡಲ್ಟನ್ ಮತ್ತು ಕೋಜಿ 1971-72ರಲ್ಲಿ ಗಿಟಾರಿಸ್ಟ್ ಜೆಫ್ ಬೆಕ್ ಅವರ ಜೆಫ್ ಬೆಕ್ ಗ್ರೂಪ್‌ನಲ್ಲಿ ಒಟ್ಟಿಗೆ ಇದ್ದವರು. ‘ಡಾನ್ಸ್ ವಿತ್ ದ ಡೆವಿಲ್’ ಗೆದ್ದ ಮೇಲೆ ಕೋಜಿ ‘ಹ್ಯಾಮರ್’ ಅಂತ ಬ್ಯಾಂಡ್ ಕಟ್ಟಿದರು. ಅದರಲ್ಲಿ ಬರ್ನಿ ಮಾರ್ಸ್‌ಡೆನ್ ಮತ್ತು ಡಾನ್ ಏರಿ ಇಬ್ಬರೂ ಇದ್ದರು. ಆ ಬ್ಯಾಂಡ್ ನಿಂತುಹೋಯಿತು. ಡಾನ್ ಏರಿ ಅವರು ಕೊಲೋಸಿಯಂ 2 ಬ್ಯಾಂಡ್ ಸೇರಿದರು, ಅಲ್ಲಿ ಗ್ಯಾರಿ ಮೂರ್. ಮಾರ್ಸ್‌ಡೆನ್ ಮುಂದೆ ವೈಟ್‌ಸ್ನೇಕ್‌ಗೆ ಹೋದರು. ಮಾರ್ಟಿನ್ ಬರ್ಚ್ ರೈನ್‌ಬೋ ಕಾಲದಿಂದ ಪರಿಚಯ.

ದಾರಿಯಲ್ಲಿ ಬಿಟ್ಟು ಬಂದವರನ್ನೆಲ್ಲ ಮತ್ತೆ ಕರೆದು ಕೂರಿಸಿದ್ದಾರೆ ಕೋಜಿ. ಹೆಸರು ಮಾರಾಟ ಆಗಲಿ ಅಂತ ತಂದ ಅತಿಥಿಗಳಲ್ಲ. ಅವರವರಿಗೆ ಸರಿಯಾದ ಟ್ಯೂನ್ ಕೊಟ್ಟಿದ್ದಾರೆ, ಇಲ್ಲ ಅವರಿಂದಲೇ ಬರೆಸಿದ್ದಾರೆ. ‘ಎಲ್ ಸಿಡ್’ ಮಾರ್ಸ್‌ಡೆನ್ ಅವರದ್ದು. ‘ಕಿಲ್ಲರ್’ ಮತ್ತು ‘ಹೈಡಿ’ ಏರಿ ಅವರದ್ದು. ‘ಸ್ವೀಟ್ ಪಾಯ್ಸನ್’ ಮತ್ತು ‘ದ ಲೋನರ್’ ಮಿಡಲ್ಟನ್ ಅವರದ್ದು. ಕೋಜಿ ಹೆಸರು ಬರಹಗಾರನಾಗಿ ಬರೋದು ಕೊನೆಯ ಟ್ರ್ಯಾಕ್‌ನಲ್ಲಿ ಒಂದೇ, ಅದೂ ಏರಿ ಮತ್ತು ರಷ್ಯಾದ ಹಳೇ ಸಂಗೀತಕಾರ ಚೈಕಾವ್‌ಸ್ಕಿ ಜೊತೆ.

ಇದರಿಂದ ಮುಂದಕ್ಕೂ ದಾರಿ ಆಯಿತು. ಏರಿ ರೈನ್‌ಬೋ ಸೇರಿ 1979ರ ‘ಡೌನ್ ಟು ಅರ್ತ್’ ನುಡಿಸಿದರು. ಕ್ಲೆಂಪ್ಸನ್ 1980ರಲ್ಲಿ ಜ್ಯಾಕ್ ಬ್ರೂಸ್ ಅವರ ಬ್ಯಾಂಡಿನಲ್ಲಿದ್ದರು.

ತನಿ ಆವರ್ತನ, ಬೆಂಗಳೂರು · ಭಾನುವಾರ ಬೆಳಿಗ್ಗೆ 11:30

ನಾನು ಮೃದಂಗ ಕಲಿಯುವವನು. ಮೆಟಲ್ ಅಷ್ಟಾಗಿ ಗೊತ್ತಿಲ್ಲ, ಈ ಚರ್ಚೆ ನೋಡಿ ಆಲ್ಬಮ್ ಕೇಳಿದೆ.

ನಮ್ಮ ಮೇಷ್ಟ್ರು ಒಂದು ಮಾತು ಯಾವಾಗಲೂ ಹೇಳುತ್ತಾರೆ. ತನಿಯಲ್ಲಿ (ಮೃದಂಗ ಒಂದೇ ನುಡಿಯೋ ಭಾಗದಲ್ಲಿ) ನೀನು ಏನು ನುಡಿಸಿದೆ ಅಂತ ಆಮೇಲೆ ನೋಡೋಣ, ಕೃತಿಗೆ ಹೇಗೆ ನುಡಿಸಿದೆ ಹೇಳು. ಸರ್ವಲಘು, ಅಂದರೆ ಲೆಕ್ಕಾಚಾರ ತೋರಿಸದೆ ಸರಳವಾಗಿ ಲಯ ಹಿಡಿಯೋ ನಡೆ, ನುಡಿಸೋದೇ ಕಷ್ಟ. ಕೈ ಸುಮ್ಮನೆ ಇರಲ್ಲ, ಎಲ್ಲಿ ಸಿಕ್ಕಿದರೂ ಒಂದು ಚೂರು ತೋರಿಸೋಣ ಅನ್ನಿಸುತ್ತೆ. ‘ದ ಲೋನರ್’ ಕೇಳುವಾಗ ನನಗೆ ಅದೇ ನೆನಪಾಯಿತು. ಎಷ್ಟು ನಿಧಾನದ ಲಯ! ಎರಡು ಏಟಿನ ಮಧ್ಯೆ ಎಷ್ಟೋ ಜಾಗ. ಆ ಜಾಗ ತುಂಬದೆ ಬಿಡೋಕೆ ಧೈರ್ಯ ಬೇಕು. ನಮ್ಮಲ್ಲಿ ತಾಳವಾದ್ಯ ಕಛೇರಿ ಅಂತ ಬೇರೆಯೇ ಇದೆ, ಅದರಲ್ಲಿ ಲಯವೇ ಮುಖ್ಯ. ಕೋಜಿ ಮಾಡಿದ್ದು ಅದಲ್ಲ. ಪಕ್ಕವಾದ್ಯದವರೇ ಕಛೇರಿ ಒಪ್ಪಿಕೊಂಡು, ವೇದಿಕೆ ಮೇಲೆ ಕೂಡ ಪಕ್ಕವಾದ್ಯದ ಧರ್ಮ ಬಿಡದೆ ನುಡಿಸಿದ ಹಾಗಿದೆ.

ಒಂದು ಸಂಬಂಧ ಹೇಳುತ್ತೇನೆ, ನಿಮಗೆ ಇಷ್ಟ ಆಗಬಹುದು. ಕೊಲೋಸಿಯಂ ಕಟ್ಟಿದವರು ಡ್ರಮ್ಮರ್ ಜಾನ್ ಹೈಸ್‌ಮನ್. ಕ್ಲೆಂಪ್ಸನ್ ಅದರಲ್ಲಿದ್ದರು. ಏರಿ, ಮೂರ್ ಇದ್ದ ಕೊಲೋಸಿಯಂ 2 ಕೂಡ ಹೈಸ್‌ಮನ್ ಅವರದ್ದೇ. ಅದೇ ಹೈಸ್‌ಮನ್ ಯುನೈಟೆಡ್ ಜಾಜ್ ಪ್ಲಸ್ ರಾಕ್ ಆನ್ಸಾಂಬಲ್‌ನಲ್ಲಿ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆ ನುಡಿಸುತ್ತಿದ್ದರು. ಮರಿಯಾನೋ 1983ರಲ್ಲಿ ‘ಜ್ಯೋತಿ’ ಆಲ್ಬಮ್ ಮಾಡಿದ್ದು ಯಾರ ಜೊತೆ ಗೊತ್ತಾ? ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ ಸಂಸ್ಥೆ. ಹಾಡಿದ್ದು ಆರ್.ಎ. ರಮಾಮಣಿ. ಲಯವಾದ್ಯದವರು ಮನೆ ಕಟ್ಟಿ ಹೊರಗಿನವರನ್ನು ಕರೆದರೆ ಸಂಗೀತ ಹೇಗಿರುತ್ತೆ ಅನ್ನೋದಕ್ಕೆ ಅದೂ ಒಂದು ಒಳ್ಳೆ ಉದಾಹರಣೆ.

ಹಳೇ ಕ್ಯಾಸೆಟ್, ಬೆಂಗಳೂರು · ಭಾನುವಾರ ಮಧ್ಯಾಹ್ನ 12:10

ಎಲ್ಲಿಂದ ಎಲ್ಲಿಗೆ ಕರೆದುಕೊಂಡು ಹೋದಿರಿ! ‘ಜ್ಯೋತಿ’ ನನ್ನ ಹತ್ತಿರ ಇದೆ. ಎರಡನ್ನೂ ಒಂದೇ ದಾರದಲ್ಲಿ ನೋಡಿರಲಿಲ್ಲ.

ಪ್ರಾಗ್ ಪ್ರಿಯ, ಸಿಂಗಾಪುರ · ಭಾನುವಾರ ಮಧ್ಯಾಹ್ನ 2:45

‘ದ ಲೋನರ್’ ಮಾತು ಬಂತಲ್ಲ, ನನ್ನದೂ ಎರಡು ಮಾತು ಇರಲಿ. ಹೆಚ್ಚಿನವರಿಗೆ ಈ ಟ್ಯೂನ್ ಗೊತ್ತಿರೋದು ಗ್ಯಾರಿ ಮೂರ್ ಅವರಿಂದ. 1987ರ ‘ವೈಲ್ಡ್ ಫ್ರಾಂಟಿಯರ್’ ಆಲ್ಬಮ್‌ನಲ್ಲಿ ಅವರು ಇದನ್ನು ತಮ್ಮ ಹಾಗೆ ಬದಲಾಯಿಸಿಕೊಂಡು ನುಡಿಸಿದರು. ಆ ಗಿಟಾರ್ ಅಳುತ್ತೆ. ಅದಕ್ಕೆ ಎದುರು ಮಾತಿಲ್ಲ.

ಆದರೆ ಮೊದಲು ಬಂದದ್ದು ಕೋಜಿ ಆಲ್ಬಮ್‌ನಲ್ಲಿ. ಅಲ್ಲಿ ಗಿಟಾರ್ ಮೂರ್ ಅವರದ್ದಲ್ಲ, ಕ್ಲೆಂಪ್ಸನ್ ಅವರದ್ದು. ಕ್ಲೆಂಪ್ಸನ್ ಅಳಲ್ಲ. ತಡೆದುಕೊಂಡು ಮಾತಾಡುತ್ತಾರೆ. ಮನೆಯಲ್ಲಿ ಸಾವಾದಾಗ ಒಬ್ಬರು ಜೋರಾಗಿ ಅಳುತ್ತಾರೆ, ಇನ್ನೊಬ್ಬರು ಬಂದವರಿಗೆ ನೀರು ಕೊಡುತ್ತಾ ಓಡಾಡುತ್ತಾರೆ. ದುಃಖ ಇಬ್ಬರಿಗೂ ಇದೆ. ನನಗೆ ಆ ಎರಡನೆಯವರೇ ಹೆಚ್ಚು ಕಾಡುತ್ತಾರೆ. ಬರೆದವರು ಜೆಫ್ ಬೆಕ್ ಬ್ಯಾಂಡಿನ ಮಿಡಲ್ಟನ್. ಬೆಕ್ ಅವರ ಗಿಟಾರ್ ಉಸಿರಾಡೋ ರೀತಿ ಈ ಟ್ಯೂನ್‌ನಲ್ಲಿ ಇದೆ ಅಂತ ನನಗೆ ಪ್ರತಿ ಸಲ ಅನ್ನಿಸುತ್ತೆ.

ಇಲ್ಲಿ ಮಾರ್ಟಿನ್ ಬರ್ಚ್ ಕೆಲಸವನ್ನೂ ನೋಡಬೇಕು. 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಬ್ಯಾಂಡ್ ನೋಡಿದವರು ಇಲ್ಲಿ ತುಂಬ ಜನ ಇದ್ದೀರಿ. 1981ರ ‘ಕಿಲ್ಲರ್ಸ್’ನಿಂದ 1992ರ ‘ಫಿಯರ್ ಆಫ್ ದ ಡಾರ್ಕ್’ವರೆಗೆ ಮೇಡನ್ ಆಲ್ಬಮ್‌ಗಳ ನಿರ್ಮಾಪಕ ಇದೇ ಬರ್ಚ್. ವಾದ್ಯಗಳನ್ನು ಒಂದರ ಮೇಲೊಂದು ಹೇರದೆ ಬೇರೆ ಬೇರೆಯಾಗಿ ಕೇಳಿಸೋ ಗುಣ ಇಲ್ಲೂ ಇದೆ. ಡ್ರಮ್ಮರ್ ಆಲ್ಬಮ್ ಅಂತ ಡ್ರಮ್ಸನ್ನು ಮುಂದೆ ತಂದು ಮುಖಕ್ಕೆ ಹೊಡೆದಿಲ್ಲ.

ರೈಸಿಂಗ್ 76, ಹುಬ್ಬಳ್ಳಿ · ಭಾನುವಾರ ಸಂಜೆ 5:30

ಬೆಳಿಗ್ಗೆಯಿಂದ ಮೂರು ಸಲ ಕೇಳಿದೆ. ‘ಕಿಲ್ಲರ್’ ವಿಷಯದಲ್ಲಿ ಬೇಸ್ ತಂತಿ ಹೇಳಿದ್ದು ನಿಜ. ಮಾತು ವಾಪಸ್ ತಗೊಂಡೆ. ‘ಎಲ್ ಸಿಡ್’ ಕೂಡ ನಾನು ಅಂದುಕೊಂಡದ್ದಕ್ಕಿಂತ ಗಟ್ಟಿ.

ಆದರೆ ಕೊನೆಯ ಟ್ರ್ಯಾಕ್ ಬಗ್ಗೆ ನನ್ನ ತಕರಾರು ಹಾಗೇ ಇದೆ. ಚೈಕಾವ್‌ಸ್ಕಿ ಅವರ ‘1812 ಓವರ್ಚರ್’ ಅನ್ನೋ ಆರ್ಕೆಸ್ಟ್ರಾ ಸಂಗೀತದ ಮೇಲೆ ಡ್ರಮ್ಸ್ ಬಾರಿಸೋದು ಕೋಜಿ ಅವರ ಸ್ಟೇಜ್ ಸೋಲೋ. 1977ರಲ್ಲಿ ಮ್ಯೂನಿಕ್‌ನಲ್ಲಿ ರೈನ್‌ಬೋ ನುಡಿಸಿದ್ದರ ವಿಡಿಯೋ ಇದೆ, ನೋಡಿ. ಮೂಲ ಸಂಗೀತದಲ್ಲೇ ಫಿರಂಗಿ ಇದೆಯಲ್ಲ. ಆ ಫಿರಂಗಿ ಜಾಗಕ್ಕೆ ಡ್ರಮ್ಸ್. ಜನ ಎದುರಿಗೆ ಇರಬೇಕು, ಹೊಗೆ ಇರಬೇಕು, ನೆಲ ನಡುಗಬೇಕು. ಅದನ್ನು ಸ್ಟುಡಿಯೋ ಒಳಗೆ ತಂದರೆ ಜಾತ್ರೆಯ ತೇರನ್ನು ಅಂಗಳದಲ್ಲಿ ಎಳೆದ ಹಾಗೆ.

ಜೋಡಿ ಬೇಸ್‌ಡ್ರಮ್, ಮೈಸೂರು · ಭಾನುವಾರ ಸಂಜೆ 6:15

ಇದಕ್ಕೆ ನಾನು ಅರ್ಧ ಒಪ್ಪುತ್ತೇನೆ. ಮ್ಯೂನಿಕ್ ವಿಡಿಯೋ ಮುಂದೆ ಇದು ಸಪ್ಪೆ. ಆದರೆ ಆಲ್ಬಮ್ ಒಳಗೆ ಇಟ್ಟು ಕೇಳಿ. ಆರು ಟ್ರ್ಯಾಕ್ ತಡೆದುಕೊಂಡ ಕೈ ಅದು. ‘ಲೋನರ್’ ಆದ ತಕ್ಷಣ ಬರುತ್ತೆ. ಅಷ್ಟು ನಿಧಾನದಿಂದ ಇಷ್ಟು ದೊಡ್ಡದಕ್ಕೆ ಹೋಗುವಾಗ ನನಗೆ ಪ್ರತಿ ಸಲ ಮೈ ಜುಮ್ ಅನ್ನುತ್ತೆ. ಇದೊಂದನ್ನೇ ತೆಗೆದು ಪ್ಲೇಲಿಸ್ಟ್‌ಗೆ ಹಾಕಿಕೊಂಡರೆ ಏನೂ ಅನ್ನಿಸಲ್ಲ.

ರೈನ್‌ಬೋದಲ್ಲಿ ಅವರ ಕೊನೆಯ ಕಾರ್ಯಕ್ರಮ 1980ರ ಆಗಸ್ಟ್ 16, ಡೊನಿಂಗ್ಟನ್‌ನ ಮೊಟ್ಟಮೊದಲ ಮಾನ್‌ಸ್ಟರ್ಸ್ ಆಫ್ ರಾಕ್ ಉತ್ಸವ. ಬ್ಯಾಂಡ್ ಪಾಪ್ ಕಡೆ ವಾಲುತ್ತಿದ್ದದ್ದು ಅವರಿಗೆ ಹಿಡಿಸಲಿಲ್ಲ. ಆಮೇಲೆ 1981ರಲ್ಲಿ ‘ಟಿಲ್ಟ್’, 1983ರಲ್ಲಿ ‘ಆಕ್ಟೋಪಸ್’ ಅಂತ ಇನ್ನೆರಡು ಸ್ವಂತ ಆಲ್ಬಮ್ ತಂದರು. ‘ಟಿಲ್ಟ್’ನಲ್ಲಿ ಜೆಫ್ ಬೆಕ್ ಅವರೇ ಬಂದು ನುಡಿಸಿದ್ದಾರೆ. ಆದರೂ ಮೊದಲನೆಯದರ ಆ ಒಂದೇ ಮನೆಯವರು ಅನ್ನೋ ಭಾವ ನನಗೆ ಅವುಗಳಲ್ಲಿ ಸಿಗಲಿಲ್ಲ.

ಹೊಸ ಕಿವಿ · ಭಾನುವಾರ ರಾತ್ರಿ 8:30

ನಿನ್ನೆ ಮೆಟಲ್ ಎಲ್ಲಿದೆ ಅಂತ ಕೇಳಿದವಳು ನಾನೇ. ಇವತ್ತು ಮೊದಲಿಂದ ಕೊನೆವರೆಗೆ ಮಧ್ಯ ಎಲ್ಲೂ ನಿಲ್ಲಿಸದೆ ಕೇಳಿದೆ. ‘ಲೋನರ್’ ಹತ್ತಿರ ಕಣ್ಣು ಒದ್ದೆಯಾಯಿತು. ಇವರೆಲ್ಲ ಈಗ ಎಲ್ಲಿದ್ದಾರೆ?

ಹಳೇ ಕ್ಯಾಸೆಟ್, ಬೆಂಗಳೂರು · ಭಾನುವಾರ ರಾತ್ರಿ 9:05

ಕೋಜಿ 1998ರ ಏಪ್ರಿಲ್ 5ರಂದು ಬ್ರಿಸ್ಟಲ್ ಹತ್ತಿರ ಎಂ4 ಹೆದ್ದಾರಿಯಲ್ಲಿ ಕಾರು ಅಪಘಾತದಲ್ಲಿ ಹೋದರು. ಐವತ್ತು ವರ್ಷ, ಅಷ್ಟೇ. ಗ್ಯಾರಿ ಮೂರ್ 2011ರಲ್ಲಿ, ಜ್ಯಾಕ್ ಬ್ರೂಸ್ 2014ರಲ್ಲಿ, ಮಾರ್ಟಿನ್ ಬರ್ಚ್ 2020ರಲ್ಲಿ, ಬರ್ನಿ ಮಾರ್ಸ್‌ಡೆನ್ 2023ರಲ್ಲಿ. ಡಾನ್ ಏರಿ 2002ರಲ್ಲಿ ಡೀಪ್ ಪರ್ಪಲ್ ಸೇರಿದರು, ಜಾನ್ ಲಾರ್ಡ್ ಜಾಗಕ್ಕೆ. ಅವರ ಆರ್ಗನ್ ಕೇಳಿದಾಗಲೆಲ್ಲ ನನಗೆ ಈ ಆಲ್ಬಮ್ ನೆನಪಾಗುತ್ತೆ.

ಕೋಜಿ ಹೋದ ಸುದ್ದಿ ನಾನು ಓದಿದ್ದು ಸಂಗೀತ ಪತ್ರಿಕೆಯೊಂದರಲ್ಲಿ, ಎಷ್ಟೋ ದಿನ ಕಳೆದ ಮೇಲೆ. ಬಸ್ಸಿನಲ್ಲಿ ನಿಂತುಕೊಂಡು ಓದುತ್ತಿದ್ದೆ. ನನ್ನ ಸ್ಟಾಪ್ ದಾಟಿ ಹೋಗಿದ್ದು ಗೊತ್ತಾಗಲಿಲ್ಲ.

ಡೊಳ್ಳಿನ ಮನೆ, ಹಾವೇರಿ · ಭಾನುವಾರ ರಾತ್ರಿ 10:50

ನಿನ್ನೆಯಿಂದ ಓದುತ್ತಿದ್ದೆ, ಬರೆಯೋದು ಬೇಡ ಅಂತಿದ್ದೆ. ಈಗ ಬರೆಯಲೇಬೇಕು ಅನ್ನಿಸಿತು.

ನಮ್ಮಪ್ಪ ಡೊಳ್ಳು ಬಾರಿಸುತ್ತಾರೆ. ನಲವತ್ತು ವರ್ಷ ಆಯಿತು. ಒಂದು ಕಡೆ ಗುಣಿ (ಬಾರಿಸೋ ಕೋಲು), ಒಂದು ಕಡೆ ಬರಿಗೈ. ಬಲಗೈ ಹೆಬ್ಬೆರಳ ಬುಡದಲ್ಲಿ ಗಂಟು ಕಟ್ಟಿದ ಹಾಗೆ ಚರ್ಮ ದಪ್ಪ ಆಗಿದೆ. ಊಟ ಆದ ಮೇಲೆ ಕಟ್ಟೆ ಮೇಲೆ ಕೂತಿದ್ದರು. ಫೋನಿಗೆ ಸಣ್ಣ ಸ್ಪೀಕರ್ ಹಚ್ಚಿ ಕೊನೆಯ ಟ್ರ್ಯಾಕ್ ಹಾಕಿದೆ. ಏನೂ ಹೇಳಲಿಲ್ಲ ಅವರಿಗೆ. ಸ್ವಲ್ಪ ಹೊತ್ತು ಸುಮ್ಮನೆ ಕೇಳಿದರು. ಆಮೇಲೆ ಬೆರಳು ಮೊಣಕಾಲಿನ ಮೇಲೆ ಆಡಿತು.

“ಎಷ್ಟು ಮಂದಿ ಬಾರ್ಸಾಕತ್ತಾರ?” ಅಂತ ಕೇಳಿದರು.

ಒಬ್ಬರೇ ಅಪ್ಪಾ, ಅಂದೆ.

ನಂಬಲಿಲ್ಲ. ಎರಡು ಕೈ, ಎರಡು ಕಾಲು, ಕಾಲಿಗೆ ಒಂದೊಂದು ದೊಡ್ಡ ಡ್ರಮ್ ಅಂತ ಫೋಟೋ ತೋರಿಸಿದೆ. ಫೋನ್ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. “ತೂಕ ಐತಿ ಕೈಗೆ” ಅಂದರು. ನಮ್ಮಪ್ಪನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಆಮೇಲೆ ‘ಲೋನರ್’ ಹಾಕಿದೆ. ಅದು ಮುಗಿಯೋವರೆಗೂ ಬೆರಳು ಆಡಲಿಲ್ಲ. ಮುಗಿದ ಮೇಲೆ, ಇದೂ ಅವನದೇ ಏನು ಅಂದರು. ಹೌದು ಅಂದೆ. ಇನ್ನೊಂದು ಜೋರಿನ ಟ್ರ್ಯಾಕ್ ಹಾಕೋಕೆ ಹೋದೆ, ಕೈ ಅಡ್ಡ ಹಿಡಿದರು.

“ಅದು ಬ್ಯಾಡ. ಆ ನಿಧಾನದ್ದು ಇನ್ನೊಮ್ಮಿ ಹಚ್ಚು.”